ಯಾರು ಬೇಯಿಸ್ತಾರೆ?

ಪ್ರಿಯ ಗೆಳೆಯರೇ,

ಪೈನ್, ಸ್ಪ್ರೂಸ್ ಮರಗಳ ತೊಗಟೆ ಮತ್ತು ಕಟ್ಟಿಗೆಯಿಂದ ಆಂಟಿಆಕ್ಸಿಡೆಂಟ್ ತೆಗೆಯುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಹೊಸದು, ಕಾಗುಣಿತ ತಪ್ಪಿಲ್ಲ, ಹೇಳಿದ ದಿನಕ್ಕೇ ಕಳಿಸಿದ್ದೀರಿ. ಸಂತೋಷ. ಆದರೆ ರಾತ್ರಿ ಊಟಕ್ಕೆ ಕೂತಾಗಲೂ ನಿಮ್ಮ ಎರಡನೇ ಪ್ಯಾರಾ ತಲೆ ಕೊರೆಯುತ್ತಿತ್ತು. ಅದಕ್ಕೇ ಈ ಪತ್ರ.

"ತೊಗಟೆಯನ್ನು ಸಂಗ್ರಹಿಸಲಾಗುತ್ತದೆ. ನಂತರ ಪುಡಿ ಮಾಡಲಾಗುತ್ತದೆ. ಸೂಕ್ತ ದ್ರಾವಕದಲ್ಲಿ ಸಂಸ್ಕರಿಸಲಾಗುತ್ತದೆ. ಹೀಗೆ ಅಮೂಲ್ಯ ಅಂಶವನ್ನು ಪಡೆಯಲಾಗುತ್ತದೆ." ನಾಲ್ಕು ವಾಕ್ಯ, ನಾಲ್ಕು 'ಲಾಗುತ್ತದೆ'. ಒಬ್ಬ ಮನುಷ್ಯನೂ ಇಲ್ಲ!

ಸಂಗ್ರಹಿಸುವವರು ಯಾರು, ಎಲ್ಲಿ? ಫ್ರಾನ್ಸಿನ ನೈಋತ್ಯದಲ್ಲಿ ಲಾಂಡ್ ಎಂಬ ದೊಡ್ಡ ಪೈನ್ ಕಾಡಿದೆ. ಮರ ಕೊಯ್ಯುವವರಿಗೆ ತೊಗಟೆ ಅಂದ್ರೆ ಕಸ. ಅದರಿಂದಲೇ ಪಿಕ್ನೊಜೆನಾಲ್ ಎಂಬ ಸಾರ ತೆಗೆಯುತ್ತಾರೆ. ಪುಡಿ ಯಾಕೆ ಮಾಡಬೇಕು? ಚೂರು ಸಣ್ಣದಾದಷ್ಟೂ ನೀರು ಬೇಗ ಒಳಗಿಳಿಯುತ್ತದೆ. ಇನ್ನು ಈ 'ಸೂಕ್ತ' ನನಗೆ ಆಗಿಬರದ ಪದ. ರಾಳ ನೀರಿಗೆ ಬಿಡುವುದಿಲ್ಲ. ಪೆಟ್ರೋಲ್ ಜಾತಿಯ ದ್ರಾವಕ ಹೆಕ್ಸೇನ್‌ನಂಥದ್ದರಲ್ಲಿ ಮೊದಲು ಅದನ್ನು ತೊಳೆದು, ಆಮೇಲೆ ಬಿಸಿನೀರನ್ನೋ ನೀರು ಬೆರೆಸಿದ ಎಥನಾಲನ್ನೋ ಹಾಕುವವರಿದ್ದಾರೆ. 'ಅಮೂಲ್ಯ ಅಂಶ'ಕ್ಕೆ ಹೆಸರಿಲ್ಲವೇ? ತೊಗಟೆಯಲ್ಲಿರುವುದು ಪ್ರೊಸಯಾನಿಡಿನ್, ಟ್ಯಾನಿನ್ ಜಾತಿಯ ಒಗರು ವಸ್ತು. ಫ್ರಾನ್ಸಿನ ಬೋರ್ಡೋದ ವಿಜ್ಞಾನಿ ಝಾಕ್ ಮಾಸ್ಕೆಲಿಯೆ ಅದನ್ನು ಮೊದಲು ತೆಗೆದದ್ದು ಕಡಲೆಕಾಯಿ ಬೀಜದ ಕೆಂಪು ಸಿಪ್ಪೆಯಿಂದ, ಪೈನ್ ಆಮೇಲೆ ಬಂತು. ಸ್ಪ್ರೂಸ್ ಕಟ್ಟಿಗೆಯಲ್ಲಿ ಇರುವುದು ಲಿಗ್ನಾನ್ ಎಂಬ ಇನ್ನೊಂದು ಆಂಟಿಆಕ್ಸಿಡೆಂಟ್. ಅದೂ ಕೊಂಬೆ ಬುಡದ ಗಂಟಿನಲ್ಲಿ. ಗಂಟಿನ ತೂಕದ ಶೇ. 10ರಷ್ಟು ಅದೇ ಇರಬಹುದು, ಪಕ್ಕದ ಕಟ್ಟಿಗೆಯಲ್ಲಿ ನೆಪಕ್ಕಷ್ಟೇ. ಸರಿಯಾಗಿ ಬೇಯುವುದಿಲ್ಲ ಅಂತ ಕಾಗದದ ಗಿರಣಿಯವರು ಗಂಟನ್ನು ಬೇರೆ ಮಾಡುತ್ತಾರೆ. ಇದರ ಬಗ್ಗೆ ನಿಮ್ಮಲ್ಲಿ ಒಂದು ಸಾಲಿಲ್ಲ. 'ಪ್ರಕೃತಿಯ ವರದಾನ' ಮಾತ್ರ ಮೂರು ಕಡೆ ಇದೆ.

ನಾನೂ ಹೀಗೇ ಬರೆಯುತ್ತಿದ್ದೆ. ಶಿವಮೊಗ್ಗದ ಒಂದು ವಾರಪತ್ರಿಕೆಯಲ್ಲಿ ಕೆಲಸ ಕಲಿಯುವಾಗ ಚೊಗರಿನ ಬಗ್ಗೆ, ಅಂದ್ರೆ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ಸಾರದ ಬಗ್ಗೆ, ಬರೆದುಕೊಟ್ಟೆ. "ಅಡಿಕೆಯನ್ನು ಬೇಯಿಸಲಾಗುತ್ತದೆ" ಅಂತ ಶುರು. ಸಂಪಾದಕರು ಕನ್ನಡಕದ ಮೇಲಿಂದ ನೋಡಿ, "ಯಾರು ಬೇಯಿಸ್ತಾರೆ?" ಅಂದರು. ನಾನು ಸುಮ್ನೆ ನಿಂತೆ. ನಮ್ಮನೆಯಲ್ಲಿ ಅಪ್ಪನೇ ಬೇಯಿಸುತ್ತಿದ್ದರು ಮಾರಾಯ್ರೆ! ಶನಿವಾರ ತೀರ್ಥಹಳ್ಳಿ ಬಸ್ಸು ಹತ್ತಿ ಮನೆಗೆ ಹೋಗಿ ನೋಡಿದೆ. ಹಂಡೆಯ ನೀರು ಮೊದಲು ಕೆಂಪಾಯಿತು. ಅದೇ ನೀರಿಗೆ ಮತ್ತೆ ಮತ್ತೆ ಸುಲಿದ ಅಡಿಕೆ ಬಿದ್ದು, ಕೊನೆಗೆ ಸೌಟಿಗೆ ಅಂಟುವಷ್ಟು ಮಂದವಾಯಿತು. ಸುಲಿದೂ ಸುಲಿದೂ ಅಮ್ಮನ ಬೆರಳು ಕಪ್ಪು. ಚೊಗರಿನಲ್ಲಿರುವ ಟ್ಯಾನಿನ್ ನಿಮ್ಮ ಪೈನ್ ತೊಗಟೆಯ ಸಾರಕ್ಕೆ ದಾಯಾದಿ. ಬಿಸಿನೀರಿನಲ್ಲಿ ಸಾರ ತೆಗೆಯುವುದನ್ನು ನಮ್ಮ ಓದುಗರಿಗೆ ಹೇಳಲು ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ಅದೇ ಅಡಿಕೆ ನಿಮ್ಮ ಕೊನೇ ಪ್ಯಾರಾವನ್ನೂ ಕೆಡಿಸುತ್ತದೆ. "ಆಂಟಿಆಕ್ಸಿಡೆಂಟ್ ಇರುವುದರಿಂದ ಕ್ಯಾನ್ಸರ್ ಬರುವುದಿಲ್ಲ" ಅಂದಿದ್ದೀರಿ. ಅಡಿಕೆಯಲ್ಲೂ ಅದು ಧಾರಾಳ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರ ವರದಿಯಲ್ಲಿ ಅಡಿಕೆ ಕ್ಯಾನ್ಸರ್ ತರುತ್ತದೆ ಎಂದೇ ಹೇಳಿದೆ. ಅಡಿಕೆ ದುಡ್ಡಲ್ಲಿ ಓದಿದವನು ನಾನು, ಇದನ್ನು ಬರೆಯಲು ನನಗೇನೂ ಖುಷಿಯಿಲ್ಲ. ಪ್ರಯೋಗಾಲಯದ ನಳಿಕೆಯಲ್ಲಿ, ಆಂಟಿಆಕ್ಸಿಡೆಂಟ್ ಪರೀಕ್ಷೆಗೆ ಬಳಸುವ ರಾಸಾಯನಿಕ ಡಿಪಿಪಿಎಚ್‌ನ ನೇರಳೆ ಬಣ್ಣ ಹಳದಿಗೆ ತಿರುಗಿತು ಅಂದ್ರೆ ಅದು ನಳಿಕೆಯ ಮಾತು, ದೇಹದ್ದಲ್ಲ.

ಇನ್ನು ಆ ಫೋಟೋ. ಕೆಳಗೆ "ನಮ್ಮ ಮಲೆನಾಡಿನ ಪೈನ್" ಅಂತ ಬರೆದಿದ್ದೀರಿ. ಅದು ಗಾಳಿಮರ! ಹೂ ಬಿಡುವ ಮರ, ಪೈನಿಗೆ ಏನೂ ಆಗಬೇಕಿಲ್ಲ. ದಕ್ಷಿಣ ಭಾರತಕ್ಕೆ ಸ್ವಂತದ ಕೋನಿಫರ್ (ಪೈನ್ ಸೇರುವ, ಹೂ ಬಿಡದ ಮರಗಳ ಗುಂಪು) ಒಂದೇ, ನಗೇಯಾ ವಾಲಿಚಿಯಾನಾ. ಅದೂ ಕೇರಳ, ತಮಿಳುನಾಡಿನ ಬೆಟ್ಟಗಳ ಕಡೆ, ಅದಕ್ಕೆ ಸೂಜಿ ಎಲೆಯೂ ಇಲ್ಲ.

ಗಾಳಿಮರದ ಒಂದು 'ಎಲೆ' ಕಿತ್ತು ಎರಡೂ ತುದಿ ಹಿಡಿದು ಎಳೆಯಿರಿ. ಗಿಣ್ಣಿನಲ್ಲಿ ಟಕ್ಕಂತ ಬಿಡುತ್ತದೆ. ಅದು ಎಲೆಯಲ್ಲ, ಎಳೆ ಕೊಂಬೆ. ನಿಜವಾದ ಎಲೆಗಳು ಆ ಗಿಣ್ಣಿನ ಸುತ್ತ ಸಣ್ಣ ಹಲ್ಲಿನ ಹಾಗೆ ಕೂತಿರುತ್ತವೆ. ಭೂತಗನ್ನಡಿ ಇದ್ದರೆ ನೋಡಿ. ಆಮೇಲೆ ಎರಡನೇ ಪ್ಯಾರಾ ಒಂದನ್ನೇ ಮತ್ತೆ ಬರೆದು ಕಳಿಸಿ. ಫೋಟೋ ಬೇಡ.