ಟಾರ್ನೀಟ್‌ಗೆ ಹೊಸದಾಗಿ ಬಂದವರಿಗೆ ಫೂಟಿ ಸೀಸನ್ನಿನ ಲೆಕ್ಕ

ಮೆಲ್ಬರ್ನ್‌ನ ಪಶ್ಚಿಮದ ಬಡಾವಣೆ ಟಾರ್ನೀಟ್‌ನಲ್ಲಿ ಮನೆ ಮಾಡಿದ್ದೀರಿ. ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಫೂಟಿ, ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್, ಬಿಟ್ಟು ಬೇರೆ ಮಾತಿಲ್ಲ, ಮಗನಿಗೆ ಶಾಲೆಯಲ್ಲಿ ‘ನಿನ್ನ ಟೀಮ್ ಯಾವುದು’ ಅಂತ ಕೇಳುತ್ತಾರೆ, ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಲೇಬೇಕಾ ಎಂದು ಕೇಳಿದ್ದೀರಿ. ಹಚ್ಚಿಕೊಳ್ಳದೆಯೂ ಇಲ್ಲಿ ಆರಾಮಾಗಿ ಬದುಕಬಹುದು, ಹಾಗೆ ಇರುವವರು ಬೇಕಾದಷ್ಟಿದ್ದಾರೆ. ಆದರೆ ಮೆಲ್ಬರ್ನ್‌ನಲ್ಲಿ ಯುಗಾದಿ ಆಸುಪಾಸಿಗೆ ಶುರುವಾಗಿ ನವರಾತ್ರಿ ಹೊತ್ತಿಗೆ ಮುಗಿಯುವ ಈ ಏಳು ತಿಂಗಳು ಊಟದ ಮೇಜಿನಲ್ಲಿ ಬಾಯಿ ಮುಚ್ಚಿ ಕೂರಬೇಕಾಗುತ್ತದೆ. ತಿಳಿದುಕೊಳ್ಳುವುದಾದರೆ ನಿಯಮಗಳಿಂದ ಶುರು ಮಾಡಬೇಡಿ. ಒಂದು ಕ್ಲಬ್ ಹಿಡಿದು ಅದರ ಸೀಸನ್ ಹೇಗೆ ಓಡುತ್ತದೆ ಅಂತ ನೋಡಿ. ನಿಯಮ ತಾನಾಗಿ ಹತ್ತುತ್ತದೆ.

ಯಾವ ಕ್ಲಬ್? ನೀವಿರುವ ಕಡೆಗೆ ವೆಸ್ಟರ್ನ್ ಬುಲ್‌ಡಾಗ್ಸ್. ಎಎಫ್‌ಎಲ್ ಎಂಬ ಲೀಗಿನ ಹದಿನೆಂಟು ಕ್ಲಬ್‌ಗಳಲ್ಲಿ ಒಂಬತ್ತು ಮೆಲ್ಬರ್ನ್ ನಗರದಲ್ಲೇ ಇವೆ, ಹತ್ತನೆಯದು ಜೀಲಾಂಗ್. ಬುಲ್‌ಡಾಗ್ಸ್ ಅಂದರೆ ಹಳೆಯ ಫುಟ್ಸ್‌ಕ್ರೇ ಕ್ಲಬ್. ಪಶ್ಚಿಮದ ಬಡಾವಣೆಗಳೆಲ್ಲ ಅದರ ಸೀಮೆ. ಕೆಂಪು, ಬಿಳಿ, ನೀಲಿ ಬಣ್ಣ. 1989ರಲ್ಲಿ ದುಡ್ಡಿಲ್ಲದೆ ಫಿಟ್ಜ್‌ರಾಯ್ ಕ್ಲಬ್ ಜೊತೆ ವಿಲೀನವಾಗುವುದರಲ್ಲಿತ್ತು, ಬಡಾವಣೆಯ ಜನ ಚಂದಾ ಎತ್ತಿ ಉಳಿಸಿಕೊಂಡರು. ಜೀಲಾಂಗ್ ಕೂಡ ನಿಮಗೆ ದೂರವಲ್ಲ, ಅದೇ ರೈಲು ಹಳಿ, ದಿಕ್ಕು ಮಾತ್ರ ಬೇರೆ. ಸೌತ್ ಜೀಲಾಂಗ್‌ನಲ್ಲಿ ಇಳಿದು ನಡೆದರೆ ಅವರ ಮೈದಾನ. 2007, 2009, 2011, 2022ರಲ್ಲಿ ಕಪ್ ಗೆದ್ದವರು. ಗೆಲುವೇ ಮುಖ್ಯವಾದರೆ ಅಲ್ಲಿಗೆ ಹೋಗಿ. ಕಾಲಿಂಗ್‌ವುಡ್ ಆರಿಸಿದರೆ ಉಳಿದ ಊರೆಲ್ಲ ನಿಮ್ಮ ಮೇಲೆ ಬೀಳುತ್ತದೆ. ಎಸೆಂಡನ್ ಆರಿಸಿದರೆ ಕನಿಕರ ಸಿಗುತ್ತದೆ: 16 ಕಪ್ ಗೆದ್ದ ಕ್ಲಬ್ಬು, 2005ರಿಂದ 2025ರವರೆಗೆ ಫೈನಲ್ಸ್‌ನ, ಅಂದರೆ ಸೀಸನ್ ಕೊನೆಯ ನಾಕೌಟ್ ಹಂತದ, ಒಂದು ಪಂದ್ಯವನ್ನೂ ಗೆದ್ದಿಲ್ಲ. ಯಾವುದನ್ನೇ ಹಿಡಿಯಿರಿ, ಆಮೇಲೆ ಬದಲಾಯಿಸಬೇಡಿ. ಇಲ್ಲಿ ಅದೊಂದನ್ನು ಮಾತ್ರ ಯಾರೂ ಕ್ಷಮಿಸುವುದಿಲ್ಲ.

ಆಟದ ಬಗ್ಗೆ ಬೇಕಾದಷ್ಟು ಮಾತ್ರ ಹೇಳುತ್ತೇನೆ. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡವಾಗಬಾರದೆಂದು ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ ಎತ್ತಿದ ಮಾತಿನಿಂದ ಹುಟ್ಟಿದ ಆಟ ಇದು. ಮೊದಲ ನಿಯಮ ಬರೆದದ್ದು 1859ರಲ್ಲಿ. ಹಾಗಾಗಿ ಇವತ್ತಿಗೂ ಕ್ರಿಕೆಟ್ ಮೈದಾನದಲ್ಲೇ ಆಡುತ್ತಾರೆ. ನೀವು ಬಾಕ್ಸಿಂಗ್ ಡೇ ಟೆಸ್ಟ್‌ನಲ್ಲಿ ನೋಡಿದ ಎಂಸಿಜಿಯೇ, ನಡುವಿನ ಪಿಚ್ ಎತ್ತಿ ಹೊರಗಿಟ್ಟಿರುತ್ತಾರೆ, ಅಷ್ಟೆ. ಒಂದೊಂದು ಕಡೆ 18 ಜನ. ನಾಲ್ಕು ಕಂಬಗಳಲ್ಲಿ ನಡುವಿನ ಎರಡರ ಮಧ್ಯೆ ಒದ್ದರೆ ಗೋಲು, 6 ಅಂಕ. ಪಕ್ಕದ ಸಂದಿನಲ್ಲಿ ಹೋದರೆ ಅಥವಾ ಕಂಬಕ್ಕೆ ತಾಗಿದರೆ ಬಿಹೈಂಡ್, 1 ಅಂಕ. ಸ್ಕೋರ್ ‘13.11 (89)’ ಅಂತ ಕಂಡರೆ ಹದಿಮೂರು ಗೋಲು, ಹನ್ನೊಂದು ಬಿಹೈಂಡ್: 78ಕ್ಕೆ 11 ಸೇರಿಸಿ 89. ಚೆಂಡನ್ನು ಎಸೆಯುವ ಹಾಗಿಲ್ಲ, ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬೇಕು. 15 ಮೀಟರಿಗಿಂತ ದೂರದ ಒದೆತವನ್ನು ನೆಲಕ್ಕೆ ಬೀಳದಂತೆ ಹಿಡಿದರೆ ಅದು ಮಾರ್ಕ್, ಅಡ್ಡಿಯಿಲ್ಲದೆ ಒದೆಯಲು ಅವಕಾಶ. ಚೆಂಡು ಹಿಡಿದು ಓಡುವವನು 15 ಮೀಟರಿಗೊಮ್ಮೆ ಅದನ್ನು ನೆಲಕ್ಕೆ ತಾಗಿಸಬೇಕು. ಆಫ್‌ಸೈಡ್ ಎಂಬ ರಗಳೆ ಇಲ್ಲ. ಸುತ್ತ ಐವತ್ತು ಸಾವಿರ ಜನ ಒಮ್ಮೆಲೇ ‘ಬಾ—ಲ್!’ ಅಂತ ಕೂಗಿದರೆ, ಎದುರಾಳಿ ಚೆಂಡು ಹಿಡಿದು ಸಿಕ್ಕಿಬಿದ್ದಿದ್ದಾನೆ, ಬಿಟ್ಟುಕೊಟ್ಟಿಲ್ಲ, ಫ್ರೀ ಕಿಕ್ ಕೊಡಿ ಅಂತ ಅಂಪೈರನ್ನು ಬೈಯುತ್ತಿದ್ದಾರೆ ಎಂದು ಅರ್ಥ. ನಿಯಮ ಪೂರ್ತಿ ಗೊತ್ತಿಲ್ಲದಿದ್ದರೂ ನೀವೂ ಕೂಗಬಹುದು, ಕೂಗುವವರಲ್ಲಿ ಅರ್ಧ ಜನಕ್ಕೆ ಗೊತ್ತಿರುವುದಿಲ್ಲ. ತಲಾ 20 ನಿಮಿಷದ ನಾಲ್ಕು ಕ್ವಾರ್ಟರ್. ಚೆಂಡು ಹೊರಹೋದಾಗ ಗಡಿಯಾರ ನಿಲ್ಲಿಸುವುದರಿಂದ ಒಂದೊಂದೂ ಅರ್ಧ ಗಂಟೆ ಹಿಡಿಯುತ್ತದೆ.

ಈಗ ಸೀಸನ್. ಪ್ರತಿ ತಂಡಕ್ಕೆ 23 ಪಂದ್ಯ. ಎದುರಾಳಿಗಳು 17, ಹಾಗಾಗಿ ಆರು ತಂಡಗಳ ಎದುರು ಎರಡೆರಡು ಸಲ, ಉಳಿದ ಹನ್ನೊಂದರ ಎದುರು ಒಂದೇ ಸಲ ಆಡಬೇಕು. ಆ ಆರು ಯಾರು ಅನ್ನುವುದರಲ್ಲೇ ಅರ್ಧ ಹಣೆಬರಹ. ಹಿಂದಿನ ವರ್ಷ ಮೇಲಿದ್ದವರಿಗೆ ಮೇಲಿನವರೇ ಹೆಚ್ಚಾಗಿ ಎರಡೆರಡು ಸಲ ಸಿಗುವಂತೆ ಪಟ್ಟಿ ಮಾಡುತ್ತಾರೆ. ಈ ಪಟ್ಟಿ (ಫಿಕ್ಸ್ಚರ್) ಬಂದ ದಿನ ಮೂರು ವಿಷಯ ನೋಡಿ: ಎರಡು ಸಲ ಸಿಗುವವರು ಯಾರು, ಪರ್ತ್‌ಗೆ ಎಷ್ಟು ಸಲ ಹೋಗಬೇಕು, ಆರೇ ದಿನದ ಬಿಡುವಿನಲ್ಲಿ ಆಡುವ ಪಂದ್ಯಗಳು ಎಷ್ಟು. ಪರ್ತ್‌ಗೆ ನಾಲ್ಕು ಗಂಟೆ ವಿಮಾನ. ಅಲ್ಲಿಂದ ಬಂದು ಆರೇ ದಿನಕ್ಕೆ ಇನ್ನೊಂದು ಪಂದ್ಯವಿದ್ದರೆ ಕೊನೆಯ ಕ್ವಾರ್ಟರಿನಲ್ಲಿ ಕಾಲು ಎಳೆಯುವುದು ಗ್ಯಾಲರಿಯಿಂದಲೇ ಕಾಣುತ್ತದೆ.

ಗೆದ್ದರೆ 4 ಪಾಯಿಂಟ್, ಸಮವಾದರೆ 2. ಅಂಕಪಟ್ಟಿಗೆ ಲ್ಯಾಡರ್ ಅನ್ನುತ್ತಾರೆ. ಪಾಯಿಂಟ್ ಸಮವಾದಾಗ ತೀರ್ಮಾನಿಸುವುದು ಪರ್ಸೆಂಟೇಜ್: ತಂಡ ಹೊಡೆದ ಒಟ್ಟು ಅಂಕವನ್ನು ಬಿಟ್ಟುಕೊಟ್ಟ ಅಂಕದಿಂದ ಭಾಗಿಸಿ ನೂರರಿಂದ ಗುಣಿಸಿ. 1,900 ಹೊಡೆದು 1,700 ಬಿಟ್ಟುಕೊಟ್ಟರೆ 111.8. ಐಪಿಎಲ್‌ನ ನೆಟ್ ರನ್ ರೇಟ್ ಇದ್ದ ಹಾಗೆ, ಆದರೆ ಇಲ್ಲಿ ಇದರ ಉಪಯೋಗ ಇನ್ನೂ ಹೆಚ್ಚು. ಜೂನ್ ಹೊತ್ತಿಗೆ ಲ್ಯಾಡರ್ ನೋಡುವಾಗ ಗೆಲುವಿನ ಸಂಖ್ಯೆಗಿಂತ ನಾನು ಪರ್ಸೆಂಟೇಜನ್ನೇ ನಂಬುತ್ತೇನೆ. ಒಂಬತ್ತು ಗೆದ್ದೂ ಪರ್ಸೆಂಟೇಜ್ ನೂರರ ಆಸುಪಾಸಿನಲ್ಲಿದ್ದರೆ ಆ ತಂಡ ಎರಡು ಮೂರು ಅಂಕದಲ್ಲಿ ಬಚಾವಾಗುತ್ತ ಬಂದಿದೆ, ಆಗಸ್ಟ್‌ನಲ್ಲಿ ಜಾರುತ್ತದೆ.

ಈ ನಂಬಿಕೆಗೂ ಒಂದು ಪೆಟ್ಟು ಇದೆ, ಅದನ್ನು ಕೊಟ್ಟದ್ದು ಬುಲ್‌ಡಾಗ್ಸೇ. 2025ರಲ್ಲಿ ಇವರ ಪರ್ಸೆಂಟೇಜ್ 130 ದಾಟಿತ್ತು, 14 ಪಂದ್ಯ ಗೆದ್ದಿದ್ದರು. ಆಗ ಫೈನಲ್ಸ್‌ಗೆ ಮೇಲಿನ ಎಂಟು ತಂಡಗಳಷ್ಟೇ ಹೋಗುತ್ತಿದ್ದವು, ಸಾಮಾನ್ಯವಾಗಿ 13 ಗೆದ್ದರೆ ಆ ಎಂಟರಲ್ಲಿ ಜಾಗ ಸಿಗುತ್ತಿತ್ತು. ಆದರೂ ಒಂಬತ್ತನೇ ಸ್ಥಾನ. ಕೆಳಗಿನ ತಂಡಗಳನ್ನು ಚಚ್ಚಿ ಚಚ್ಚಿ ಪರ್ಸೆಂಟೇಜ್ ಊದಿಸಿಕೊಂಡರು, ಮೇಲಿನವರ ಎದುರು ಸೋಲುತ್ತಲೇ ಬಂದರು. ಕೊನೆಯ ಸುತ್ತಿನಲ್ಲಿ ಸ್ವಂತ ಮೈದಾನದಲ್ಲೇ ಫ್ರೀಮ್ಯಾಂಟಲ್‌ಗೆ ಸೋತು ಹೊರಬಿದ್ದರು. ಕ್ಯಾಪ್ಟನ್ ಮಾರ್ಕಸ್ ಬಾಂಟೆಂಪೆಲ್ಲಿ ಮೀನಖಂಡದ ಗಾಯದಿಂದ ಸೀಸನ್ನಿನ ಆರಂಭದ ಪಂದ್ಯಗಳಿಗೆ ಇರಲಿಲ್ಲ ಅನ್ನುವುದೂ ಸೇರಿತು. ಪರ್ಸೆಂಟೇಜ್ ನೋಡುವಾಗ ಅದು ಯಾರ ಎದುರು ಬಂದದ್ದು ಅಂತಲೂ ನೋಡಬೇಕು.

ಗಾಯದ ಪಟ್ಟಿ ಓದುವುದು ಇಲ್ಲಿ ಪಂಚಾಂಗ ನೋಡಿದಷ್ಟೇ ಮುಖ್ಯ. ವಾರಕ್ಕೊಮ್ಮೆ ಕ್ಲಬ್‌ನವರೇ ಹಾಕುತ್ತಾರೆ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಅಂದರೆ ಮೂರು ವಾರ ಅಂತಿಟ್ಟುಕೊಳ್ಳಿ. ತಲೆಗೆ ಪೆಟ್ಟಾಗಿ ಕನ್ಕಶನ್ ಅಂತಾದರೆ ಕನಿಷ್ಠ 12 ದಿನ ಆಡುವಂತಿಲ್ಲ, ಅಂದರೆ ಒಂದು ಪಂದ್ಯ ಹೋದ ಹಾಗೆಯೇ, ಬಿಡುವು ಕಡಿಮೆಯಿದ್ದರೆ ಎರಡಾಗುತ್ತದೆ. ಎಸಿಎಲ್ ಅಂದರೆ ಮೊಣಕಾಲಿನ ಕಟ್ಟು ಹರಿದದ್ದು, ಆ ಸೀಸನ್ ಮುಗಿಯಿತು.

ಫೈನಲ್ಸ್ ಅಂದರೆ ಒಂದು ಪಂದ್ಯ ಅಲ್ಲ, ಸೆಪ್ಟೆಂಬರ್ ತಿಂಗಳು ಪೂರ್ತಿ. ಮೇಲಿನ ನಾಲ್ಕು ತಂಡಗಳಿಗೆ ಎರಡು ಅವಕಾಶ: 1 ಮತ್ತು 4, 2 ಮತ್ತು 3 ಆಡುತ್ತವೆ, ಗೆದ್ದವರಿಗೆ ಒಂದು ವಾರ ರಜೆ, ಸೋತವರಿಗೆ ಇನ್ನೊಂದು ಪಂದ್ಯ. ಐದರಿಂದ ಕೆಳಗಿನವರು ಸೋತ ದಿನವೇ ಮನೆಗೆ. 2026ರಿಂದ ಇನ್ನೊಂದು ಮೆಟ್ಟಿಲು ಸೇರಿಸಿದ್ದಾರೆ, ವೈಲ್ಡ್‌ಕಾರ್ಡ್: ಏಳನೆಯವರು ಹತ್ತನೆಯವರ ಜೊತೆ, ಎಂಟನೆಯವರು ಒಂಬತ್ತನೆಯವರ ಜೊತೆ ಆಡಿ ಗೆದ್ದರೆ ಮಾತ್ರ ಒಳಗೆ. ಈ ಪದ್ಧತಿ ಒಂದು ವರ್ಷ ಮೊದಲೇ ಬಂದಿದ್ದರೆ ಬುಲ್‌ಡಾಗ್ಸ್‌ಗೆ ಇನ್ನೊಂದು ಬಾಗಿಲು ತೆರೆದಿರುತ್ತಿತ್ತು.

ಮೇಲಿನ ನಾಲ್ಕರಲ್ಲಿ ಇಲ್ಲದಿದ್ದರೆ ಆಸೆ ಬಿಡಿ ಅನ್ನುವವರಿಗೆ ಪಶ್ಚಿಮದವರು ಕೊಡುವ ಉತ್ತರ 2016. ಅದನ್ನು ಗೊತ್ತು ಮಾಡಿಕೊಂಡರೆ ನಿಮ್ಮ ಬಡಾವಣೆಯ ಯಾವ ಅಜ್ಜನ ಜೊತೆಗೂ ಅರ್ಧ ಗಂಟೆ ಮಾತಾಡಬಹುದು. ಆ ವರ್ಷ ಬುಲ್‌ಡಾಗ್ಸ್ ಕ್ಯಾಪ್ಟನ್ ಬಾಬ್ ಮರ್ಫಿ ಮೂರನೇ ಸುತ್ತಿನಲ್ಲೇ ಮೊಣಕಾಲು ಹರಿದುಕೊಂಡು ಹೊರಗೆ. ಜುಲೈನಲ್ಲಿ ಒಂದೇ ಪಂದ್ಯದಲ್ಲಿ ಮಿಚ್ ವಾಲಿಸ್‌ಗೆ ಕಾಲು ಮುರಿಯಿತು, ಜ್ಯಾಕ್ ರೆಡ್‌ಪಾತ್‌ನ ಮೊಣಕಾಲು ಹೋಯಿತು. 22ರಲ್ಲಿ 15 ಗೆದ್ದೂ ಏಳನೇ ಸ್ಥಾನ. ಫೈನಲ್ಸ್‌ಗೆ ಮುಂಚೆ ಒಂದು ವಾರ ಬಿಡುವು ಕೊಡುವ ಪದ್ಧತಿ ಶುರುವಾದದ್ದೂ ಅದೇ ವರ್ಷ. ಆ ವಾರ ಸಿಕ್ಕಿದ್ದರಿಂದ ಟಾಮ್ ಲಿಬರಟೋರ್, ಜ್ಯಾಕ್ ಮಕ್ರೇ ಚೇತರಿಸಿಕೊಂಡು ಬಂದರು. ಪರ್ತ್‌ಗೆ ಹೋಗಿ ವೆಸ್ಟ್ ಕೋಸ್ಟ್‌ಗೆ 47 ಅಂಕದ ಸೋಲುಣಿಸಿದರು. ಹಿಂದಿನ ಮೂರು ವರ್ಷವೂ ಕಪ್ ಗೆದ್ದಿದ್ದ ಹಾಥಾರ್ನ್‌ಗೆ ಎಂಸಿಜಿಯಲ್ಲಿ ತಡೆ ಹಾಕಿದರು. ಸಿಡ್ನಿಗೆ ಹೋಗಿ ಜಿಡಬ್ಲ್ಯುಎಸ್ ಜೈಂಟ್ಸನ್ನು 6 ಅಂಕದಲ್ಲಿ, ಅಂದರೆ ಒಂದೇ ಗೋಲಿನಲ್ಲಿ, ದಾಟಿದರು. ಅಕ್ಟೋಬರ್ 1ರ ಗ್ರ್ಯಾಂಡ್ ಫೈನಲ್‌ನಲ್ಲಿ, ಅಂದರೆ ಕಪ್ ತೀರ್ಮಾನಿಸುವ ಕೊನೆಯ ಪಂದ್ಯದಲ್ಲಿ, ಲ್ಯಾಡರಿನ ಮೊದಲ ಸ್ಥಾನದ ಸಿಡ್ನಿ ಸ್ವಾನ್ಸನ್ನು 89–67ರಲ್ಲಿ ಸೋಲಿಸಿದರು. ಮೇಲೆ ಲೆಕ್ಕ ಬಿಡಿಸಿದ 13.11 ಆ ದಿನದ್ದೇ. 1954ರ ನಂತರ ಸಿಕ್ಕ ಮೊದಲ ಕಪ್, 62 ವರ್ಷ. ಏಳನೇ ಸ್ಥಾನದಿಂದ ಅಲ್ಲಿಯವರೆಗೆ ಯಾರೂ ಗೆದ್ದಿರಲಿಲ್ಲ. ಕೋಚ್ ಲ್ಯೂಕ್ ಬೆವರಿಜ್ ತನಗೆ ಹಾಕಿದ ಪದಕವನ್ನು ವೇದಿಕೆಯಲ್ಲೇ ತೆಗೆದು, ಆಡಲಾಗದೆ ನಿಂತಿದ್ದ ಮರ್ಫಿಯ ಕೊರಳಿಗೆ ಹಾಕಿದ ಚಿತ್ರ ಇಲ್ಲಿನ ಪಬ್ ಗೋಡೆಗಳಲ್ಲಿ ಕಂಡರೆ ಏನದು ಅಂತ ಕೇಳಬೇಡಿ, ಗೊತ್ತಿದೆ ಅಂತ ತಲೆಯಾಡಿಸಿ.

ಕೆಳಗೆ ಬಿದ್ದ ತಂಡ ಶಾಶ್ವತವಾಗಿ ಕೆಳಗೇ ಇರುವುದಿಲ್ಲ. ನವೆಂಬರ್‌ನಲ್ಲಿ ಡ್ರಾಫ್ಟ್ ನಡೆಯುತ್ತದೆ, ಹದಿನೆಂಟರ ಹುಡುಗರನ್ನು ಕ್ಲಬ್‌ಗಳು ಸರದಿಯಲ್ಲಿ ಆರಿಸಿಕೊಳ್ಳುತ್ತವೆ. ಕೊನೆಯ ಸ್ಥಾನದವರಿಗೆ ಮೊದಲ ಸರದಿ. ಸಂಬಳದ ಒಟ್ಟು ಮೊತ್ತಕ್ಕೂ ಮಿತಿ ಇದೆ, ದುಡ್ಡಿದ್ದ ಕ್ಲಬ್ ಎಲ್ಲರನ್ನೂ ಕೊಳ್ಳಲಾಗುವುದಿಲ್ಲ.

ಮೈದಾನಕ್ಕೆ ಹೋಗುವ ವಿಚಾರ. ಬುಲ್‌ಡಾಗ್ಸ್ ಹೆಚ್ಚಾಗಿ ಆಡುವುದು ಮಾರ್ವೆಲ್ ಸ್ಟೇಡಿಯಂನಲ್ಲಿ. ಟಾರ್ನೀಟ್‌ನಿಂದ ವಿ/ಲೈನ್ ರೈಲು ನೇರ ಸದರ್ನ್ ಕ್ರಾಸ್‌ಗೆ, ಅಲ್ಲಿಂದ ಸೇತುವೆ ದಾಟಿದರೆ ಗೇಟು. ಕಾರು ತರಬೇಡಿ, ಪಾರ್ಕಿಂಗ್ ದುಡ್ಡಿಗೆ ಇನ್ನೊಂದು ಟಿಕೆಟ್ ಬರುತ್ತದೆ. ರಾತ್ರಿ ಪಂದ್ಯವಾದರೆ ವಾಪಸ್ ರೈಲಿನ ಸಮಯ ಮೊದಲೇ ನೋಡಿಟ್ಟುಕೊಳ್ಳಿ. ಒಂದು ರೈಲು ತಪ್ಪಿದರೆ ಮಕ್ಕಳನ್ನು ಕಟ್ಟಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ಕಾಯಬೇಕು. ಎಂಸಿಜಿಗಾದರೆ ರಿಚ್ಮಂಡ್ ಅಥವಾ ಜೋಲಿಮಾಂಟ್ ಸ್ಟೇಷನ್. ಮಾರ್ವೆಲ್‌ಗೆ ಮುಚ್ಚುವ ಛಾವಣಿ ಇದೆ, ಎಂಸಿಜಿಯಲ್ಲಿ ಜೂನ್ ತಿಂಗಳ ಸಂಜೆ ಮೂಳೆ ಕೊರೆಯುತ್ತದೆ: ಸ್ವೆಟರ್ ಮೇಲೆ ಗಾಳಿ ತಡೆಯುವ ಜಾಕೆಟ್, ಟೋಪಿ, ದಪ್ಪ ಕಾಲುಚೀಲ. ಊಟ ಒಯ್ಯಬಹುದು. ಸಸ್ಯಾಹಾರಿಗಳಿಗೆ ಒಳಗೆ ಸಿಗುವುದು ಬಹುತೇಕ ಚಿಪ್ಸೇ. ಚಪಾತಿ ಪಲ್ಯದ ಸುರುಳಿಯನ್ನೋ ಚಿತ್ರಾನ್ನವನ್ನೋ ಪ್ಲಾಸ್ಟಿಕ್ ಡಬ್ಬಿಯಲ್ಲಿ ತನ್ನಿ. ಗಾಜು, ಕ್ಯಾನು, ಮದ್ಯ ಗೇಟಿನಲ್ಲೇ ಕಿತ್ತುಕೊಳ್ಳುತ್ತಾರೆ.

ಮೊದಲ ಸಲ ಹೋಗುವವರು ಮೈದಾನದ ಅಂಚಿನ ಸೀಟಿಗೆ ಆಸೆಪಡುತ್ತಾರೆ. ಅಲ್ಲಿ ಡಿಕ್ಕಿಯ ಸದ್ದು ಕೇಳುತ್ತದೆ, ಆಟ ಅರ್ಥವಾಗುವುದಿಲ್ಲ. ಮೇಲಿನ ಅಂತಸ್ತಿನಲ್ಲಿ, ಮೈದಾನದ ಉದ್ದದ ಬದಿಯ ನಡುವೆ ಕುಳಿತರೆ 36 ಜನ ಎಲ್ಲೆಲ್ಲಿ ನಿಂತಿದ್ದಾರೆ, ಯಾವ ಕಡೆ ಜಾಗ ತೆರೆಯುತ್ತಿದೆ ಅನ್ನುವುದೆಲ್ಲ ಕಾಣುತ್ತದೆ, ಟಿಕೆಟ್ಟೂ ಅಗ್ಗ. ಮಕ್ಕಳಿದ್ದರೆ ಮದ್ಯವಿಲ್ಲದ ವಿಭಾಗ ಕೇಳಿ ತೆಗೆದುಕೊಳ್ಳಿ.

ಮೆಂಬರ್‌ಶಿಪ್ ಮೊದಲ ವರ್ಷವೇ ಪೂರ್ತಿ ಬೇಡ, ಮೂರು ಪಂದ್ಯದಂಥ ಚಿಕ್ಕದು ಸಾಕು. ಹೊಸಬರು ಎಡವುವುದು ಇಲ್ಲಿ: ಕಾರ್ಡ್ ನಡೆಯುವುದು ಕ್ಲಬ್ಬಿನ ಹೋಮ್ ಪಂದ್ಯಗಳಿಗೆ. ಮಾರ್ವೆಲ್ ಹಲವು ಕ್ಲಬ್‌ಗಳಿಗೆ ಹೋಮ್ ಆದ್ದರಿಂದ ಅದೇ ಮೈದಾನದಲ್ಲಿ ಬುಲ್‌ಡಾಗ್ಸ್ ಅತಿಥಿಯಾಗಿ ಆಡುವ ದಿನ ಗೇಟಿನಲ್ಲಿ ಕೆಂಪು ದೀಪ ಬೀಳುತ್ತದೆ. ಹೋಮ್ ಪಂದ್ಯಗಳಲ್ಲೂ ಒಂದೆರಡು ಬಲ್ಲರಾಟ್‌ಗೆ ಹೋಗುವುದುಂಟು. ಗ್ರ್ಯಾಂಡ್ ಫೈನಲ್ ಟಿಕೆಟ್ ಇಂಥ ಚಿಕ್ಕ ಮೆಂಬರ್‌ಶಿಪ್ ಜೊತೆ ಬರುವುದಿಲ್ಲ. ಅದರ ಹಿಂದಿನ ಶುಕ್ರವಾರ ಮಾತ್ರ ವಿಕ್ಟೋರಿಯಾದಲ್ಲಿ ಎಲ್ಲರಿಗೂ ಸರ್ಕಾರಿ ರಜೆ, ಅದಕ್ಕೆ ಟಿಕೆಟ್ ಬೇಡ.

ಆಫೀಸಿನಲ್ಲಿ ಟಿಪ್ಪಿಂಗ್‌ಗೆ ಕರೆದರೆ ಸೇರಿಕೊಳ್ಳಿ. ವಾರಕ್ಕೆ ಸಾಮಾನ್ಯವಾಗಿ ಒಂಬತ್ತು ಪಂದ್ಯ, ಯಾರು ಗೆಲ್ಲುತ್ತಾರೆ ಅಂತ ಗುರುತು ಹಾಕಬೇಕು, ಸರಿಯಾದದ್ದಕ್ಕೆ ಒಂದೊಂದು ಅಂಕ. ಗುರುವಾರ ಸಂಜೆಯೊಳಗೆ ಹಾಕಿಬಿಡಿ; ಮರೆತರೆ ಹಲವು ಕಡೆ ಹೊರಗಿನಿಂದ ಬಂದ ತಂಡಗಳನ್ನೇ ನಿಮ್ಮ ಹೆಸರಿಗೆ ಬರೆದುಬಿಡುತ್ತಾರೆ, ಅದರಲ್ಲಿ ನಷ್ಟವೇ ಹೆಚ್ಚು. ಗೊತ್ತಿಲ್ಲದ ಪಂದ್ಯಕ್ಕೆ ಊರಿನ ತಂಡ, ಪರ್ತ್ ಪಂದ್ಯಕ್ಕೆ ಕಣ್ಣು ಮುಚ್ಚಿ ಪರ್ತ್ ತಂಡ. ಬರೀ ಮನಸ್ಸಿನ ತಂಡಕ್ಕೆ ಹಾಕುವವರು ಜುಲೈ ಹೊತ್ತಿಗೆ ಕೊನೆಯಲ್ಲಿರುತ್ತಾರೆ.

ಮಗನ ವಿಷಯಕ್ಕೆ: ಆಸ್ಕಿಕ್‌ಗೆ, ಅಂದರೆ ಮಕ್ಕಳ ಫೂಟಿ ಕಾರ್ಯಕ್ರಮಕ್ಕೆ, ಸೇರಿಸಿ. ಐದರಿಂದ ಹನ್ನೆರಡು ವರ್ಷದವರಿಗೆ, ಬಡಾವಣೆಯ ಮೈದಾನದಲ್ಲಿ ವಾರಕ್ಕೊಮ್ಮೆ. ಹೆಸರು ಆನ್‌ಲೈನಿನಲ್ಲಿ ಕೊಡಬೇಕು, ಮಾರ್ಚ್‌ನಲ್ಲೇ ಕೊಡಿ. ಬೂಟು ಅಡಿಯಲ್ಲಿ ಪ್ಲಾಸ್ಟಿಕ್ ಸ್ಟಡ್ ಇರುವುದು ಸಾಕು. ಮನೆಗೆ ಚೆಂಡು ಕೊಳ್ಳುವಾಗ ದೊಡ್ಡವರ ಅಳತೆಯ ಚರ್ಮದ ಶೆರಿನ್ ತರಬೇಡಿ, ಎಳೆಯ ಕಾಲಿಗೆ ಗಟ್ಟಿ; ಅವನ ವಯಸ್ಸಿನ ಚಿಕ್ಕ ಅಳತೆ ಕೇಳಿ. ಸ್ಟೇಡಿಯಂಗೆ ಮೊದಲು ಅವನನ್ನು ಫುಟ್ಸ್‌ಕ್ರೇಯ ವಿಟನ್ ಓವಲ್‌ನಲ್ಲಿ ಮಹಿಳಾ ತಂಡದ ಪಂದ್ಯಕ್ಕೆ ಕರೆದೊಯ್ಯಿರಿ. ಆಗಸ್ಟ್‌ನಿಂದ ನವೆಂಬರ್‌ವರೆಗೆ ಅವರ ಸೀಸನ್, 2018ರಲ್ಲಿ ಕಪ್ ಗೆದ್ದವರು. ಟಿಕೆಟ್ ಅಗ್ಗ, ಬೇಲಿಗೆ ಒರಗಿ ನಿಂತು ನೋಡಬಹುದು, ವೆಸ್ಟ್ ಫುಟ್ಸ್‌ಕ್ರೇ ಸ್ಟೇಷನ್‌ನಿಂದ ನಡೆದು ಹೋಗುವ ದೂರ. ವಿ/ಲೈನ್ ರೈಲು ಆ ಸ್ಟೇಷನ್ನಿನಲ್ಲಿ ನಿಲ್ಲುವುದಿಲ್ಲ, ಫುಟ್ಸ್‌ಕ್ರೇಯಲ್ಲಿ ಇಳಿದು ಸನ್‌ಬರಿ ಕಡೆಯ ರೈಲು ಹಿಡಿಯಿರಿ.