ಮದುವೆಗೆ ಮುಂಚೆ ಮನೆ ಕಟ್ಟಲೇಬೇಕೇ?

ಊರು ಮಂಡ್ಯದ ಕಡೆ, ನೌಕರಿ ಮೈಸೂರಿನಲ್ಲಿ, ಇರುವುದು ಬಾಡಿಗೆ ಮನೆ. ತಂಗಿಯ ಮದುವೆಯಾಗಿದೆ. ನಿಮಗೆ ಬರುವ ಸಂಬಂಧಗಳು ಮಾತ್ರ ‘ಸ್ವಂತ ಮನೆ ಇಲ್ಲ’ ಎಂಬಲ್ಲಿಗೆ ನಿಲ್ಲುತ್ತಿವೆ. ಊರಿನ ಜಮೀನಿನಲ್ಲಿ ಒಂದಷ್ಟು ಮಾರಿ, ಸಾಲ ತೆಗೆದು, ಇರುವ ನಿವೇಶನದಲ್ಲಿ ಮನೆ ಕಟ್ಟೋಣ ಎಂದು ಅಪ್ಪ ಹೊರಟಿದ್ದಾರೆ. ಈ ಭಾರ ಗಂಡಿನ ಮೇಲೇ ಏಕೆ ಎಂದು ನೀವು ಕೇಳಿದ್ದೀರಿ.

ಮನೆ ಕಟ್ಟಿಸಿಕೊಡುವುದೇ ನನ್ನ ಕಸುಬು. ಮಗನಿಗೆ ಹೆಣ್ಣು ಹುಡುಕುವ ಮೊದಲು ಗುದ್ದಲಿ ಪೂಜೆ ಮಾಡಿಸುವ ಅಪ್ಪಂದಿರಿಂದಲೇ ನನಗೆ ಅರ್ಧ ಕೆಲಸ ಸಿಗುತ್ತದೆ. ಆದರೂ ಹೇಳುತ್ತೇನೆ, ಈಗ ಕಟ್ಟಬೇಡಿ.

ಲೆಕ್ಕ ನೋಡಿ. ಚದರಕ್ಕೆ, ಅಂದರೆ ನೂರು ಚದರಡಿಗೆ, ಎರಡು ಲಕ್ಷದ ಕೆಳಗೆ ಒಪ್ಪುವ ಮೇಸ್ತ್ರಿ ಸಿಕ್ಕರೆ ಕಬ್ಬಿಣ, ಸಿಮೆಂಟಿನಲ್ಲಿ ಏನು ಉಳಿಸುತ್ತಾನೆ ಎಂದು ವಿಚಾರಿಸಿ. ಹನ್ನೆರಡು ಚದರದ ಮನೆ ಎಂದರೂ 24 ಲಕ್ಷಕ್ಕೆ ಕಡಿಮೆಯಾಗುವುದಿಲ್ಲ. ಸಂಪು, ಕಾಂಪೌಂಡ್, ನಕ್ಷೆ ಮಂಜೂರಾತಿ, ವಿದ್ಯುತ್ ಸಂಪರ್ಕ ಸಾಮಾನ್ಯವಾಗಿ ಆ ದರದಲ್ಲಿ ಸೇರಿರುವುದಿಲ್ಲ. 25 ಲಕ್ಷ ಸಾಲಕ್ಕೆ ಶೇ 8.5ರ ಬಡ್ಡಿಯಲ್ಲಿ, ಇಪ್ಪತ್ತು ವರ್ಷಕ್ಕೆ, ತಿಂಗಳ ಕಂತು ಸುಮಾರು 21,700 ರೂಪಾಯಿ. ಒಟ್ಟು ಕಟ್ಟುವುದು 52 ಲಕ್ಷ. ಹುಡುಗಿಯ ಕಡೆಯವರು ತಾರಸಿ ನೋಡಿ ಸಂತೋಷಪಟ್ಟು ಹೋಗುತ್ತಾರೆ, ಕಂತಿನ ವಿಷಯ ಯಾರೂ ಎತ್ತುವುದಿಲ್ಲ. ಮದುವೆಯಾದ ಮೇಲೆ ಹುಡುಗಿಯ ಸಂಬಳವೂ ಅದೇ ಕಂತಿಗೆ ಹೋಗುತ್ತದೆ, ಮನೆಯ ಖಾತೆ ಮಾತ್ರ ಮಾವನ ಹೆಸರಿನಲ್ಲೇ ಇರುತ್ತದೆ. ಇನ್ನು ಅಡುಗೆಮನೆ. ಅದರ ಅಳತೆಯನ್ನು ನಿರ್ಧರಿಸುವವರು ಸೌಟು ಹಿಡಿದವರೇ ಅಲ್ಲ! ಮುಂಭಾಗದ ಅಲಂಕಾರಕ್ಕೆ ಲಕ್ಷಗಟ್ಟಲೆ ಸುರಿದು, ಪಾತ್ರೆ ತೊಳೆಯುವ ಜಾಗಕ್ಕೆ ಮೂರಡಿ ಬಿಡುತ್ತಾರೆ.

ಗಂಡಿನ ಮೇಲೇ ಏಕೆ ಎಂದರೆ, ಮದುವೆಯಾಗಿ ಮನೆ ಬದಲಾಯಿಸುವವಳು ಹೆಣ್ಣು. ತವರಿನಲ್ಲಿ ಪಾಲು ಕೇಳಿದರೆ ಮುಖ ಸಿಂಡರಿಸುತ್ತಾರೆ, ಹಾಗಾಗಿ ತಲೆಯ ಮೇಲಿನ ಸೂರನ್ನು ಗಂಡನ ಕಡೆಯಲ್ಲೇ ಹುಡುಕುತ್ತಾರೆ. ಅದನ್ನು ದುರಾಸೆ ಎನ್ನಲು ನನಗೆ ಮನಸ್ಸಿಲ್ಲ. (‘ಜಮೀನು ಇರಬೇಕು, ಹುಡುಗ ಮಾತ್ರ ಉಳಬಾರದು’ ಎನ್ನುವವರ ವಿಷಯ ಬೇರೆ.) ಜೊತೆಗೆ ಹೆಣ್ಣುಗಳೇ ಕಡಿಮೆ. 2011ರ ಜನಗಣತಿಯಲ್ಲಿ ರಾಜ್ಯದ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ 948 ಹೆಣ್ಣು. 2023ರಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲೇ ಭ್ರೂಣದ ಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾಯಿತು. ಅದೇ ವರ್ಷ ಅದೇ ಜಿಲ್ಲೆಯ ಅವಿವಾಹಿತ ಯುವಕರು ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಹುಟ್ಟುವ ಮೊದಲೇ ಹೆಣ್ಣನ್ನು ಬೇಡವೆಂದ ಸಮಾಜ ಈಗ ಮನೆ ತೋರಿಸಿ ಹೆಣ್ಣು ಕೇಳುತ್ತಿದೆ.

ನೀವು ಹೀಗೆ ಮಾಡಿ. ನಿವೇಶನದ ಕ್ರಯಪತ್ರ, ಸಂಬಳದ ಚೀಟಿ ಮುಂದಿಟ್ಟು, ‘ಮದುವೆಯಾದ ಮೇಲೆ ಇಬ್ಬರ ಹೆಸರಿನಲ್ಲೂ ಕಟ್ಟುತ್ತೇವೆ’ ಎಂದು ಹುಡುಗಿಯ ಎದುರಿಗೇ ಹೇಳಿ. ಹೆಂಡತಿಯ ಹೆಸರು ಸೇರಿಸಲು ದೊಡ್ಡ ಖರ್ಚಿಲ್ಲ. ನಮ್ಮ ರಾಜ್ಯದಲ್ಲಿ ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕೆಲವೇ ಸಾವಿರ. ಸಾಲವನ್ನೂ ಇಬ್ಬರೂ ಸೇರಿ ತೆಗೆದರೆ ಹೆಚ್ಚು ಮೊತ್ತ ಸಿಗುತ್ತದೆ. ಈ ಮಾತಿಗೂ ಎದ್ದು ಹೋಗುವವರು ಹೋಗಲಿ ಬಿಡಿ.

ಜಮೀನು ಮಾರುವ ಮಾತು ಉಳಿಯಿತು. ಅದು ಪಿತ್ರಾರ್ಜಿತವಾದರೆ ನಿಮ್ಮ ತಂಗಿಗೂ ಸಮಪಾಲು ಇದೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು, 2005ರಲ್ಲಿ ಅದು ದೇಶಕ್ಕೆಲ್ಲ ಬಂತು. ತಿಳಿವಳಿಕೆಯುಳ್ಳ ಯಾರೇ ಕೊಳ್ಳಲು ಬಂದರೂ ಅವಳ ಸಹಿ ಕೇಳುತ್ತಾರೆ. ಅವಳನ್ನು ಕೊಡುವಾಗ ‘ಹುಡುಗನಿಗೆ ಸ್ವಂತ ಮನೆ ಇದೆಯೇ’ ಎಂದು ನಿಮ್ಮ ಮನೆಯವರೂ ಕೇಳಿರುತ್ತೀರಿ. ಅವಳ ಪಾಲನ್ನು ಮೊದಲು ತೆಗೆದಿಟ್ಟು, ಮಿಕ್ಕ ಹಣದಲ್ಲಿ ಪಾಯವಾದರೂ ಮೇಲೇಳುತ್ತದೆಯೇ ಎಂದು ಅಪ್ಪನ ಜೊತೆ ಕುಳಿತು ಲೆಕ್ಕ ಹಾಕಿ.