ಸಂಪಾದಕರ ಉತ್ತರ: ಅಜ್ಜನ ಡಾಕ್ಟರ್, ಮೊಮ್ಮಗಳ ಡಾಕ್ಟರ್

ಪ್ರಿಯ ಮಾಸ್ತರೇ,

ನಿಮ್ಮ ಪತ್ರ ಶಿರಸಿಯ ಮಳೆಯಲ್ಲಿ ಸ್ವಲ್ಪ ನೆನೆದೇ ಕಾರವಾರಕ್ಕೆ ಬಂತು. ಮೂರನೇ ಪುಟದ ಶಾಯಿ ಹರಡಿತ್ತು. ಆದರೂ ಒಂದಕ್ಷರ ಬಿಡದೆ ಓದಿದೆ. ಬೇರೆ ಓದುಗರಿಗೂ ವಿಷಯ ತಿಳಿಯಬೇಕಲ್ವಾ, ಅದಕ್ಕೆ ನೀವು ಬರೆದದ್ದನ್ನು ಮೊದಲು ಚಿಕ್ಕದಾಗಿ ಹೇಳುತ್ತೇನೆ.

ಲಂಡನ್ನಿನಲ್ಲಿದ್ದ ನಿಮ್ಮ ತಮ್ಮ ಊರಿಗೆ ಬಂದಾಗಲೆಲ್ಲ ‘ಡಾಕ್ಟರ್ ಹೂ’ ಎಂಬ ಬ್ರಿಟಿಷ್ ಟಿವಿ ಧಾರಾವಾಹಿಯ ಒಂದೊಂದು ವಿಡಿಯೋ ಕ್ಯಾಸೆಟ್ ತರುತ್ತಿದ್ದರು. ಅದರ ನಾಯಕ ಡಾಕ್ಟರ್‌ನ ಪಾತ್ರವನ್ನು ಕಾಲಕಾಲಕ್ಕೆ ಬೇರೆ ಬೇರೆ ನಟರು ಮಾಡಿದ್ದಾರೆ. ಕಾಲಿನವರೆಗೆ ಇಳಿಯುವ ಮಫ್ಲರ್ ಸುತ್ತಿಕೊಂಡ ಟಾಮ್ ಬೇಕರ್ ನಿಮ್ಮ ಡಾಕ್ಟರ್. ಬೆಂಗಳೂರಿನಲ್ಲಿ ಓದುವ ಮೊಮ್ಮಗಳು ಈಗ ರಜೆಗೆ ಬಂದಿದ್ದಾಳೆ. ಅವಳಿಗೆ 2005ರ ನಂತರದ ಕಂತುಗಳೇ ಇಷ್ಟ, ಡೇವಿಡ್ ಟೆನೆಂಟ್ ಅವಳ ಡಾಕ್ಟರ್. ರಾತ್ರಿ ಊಟವಾದ ಮೇಲೆ ಇಬ್ಬರೂ ಕೂತು ನೋಡುತ್ತೀರಿ. ಕರೆಂಟು ಹೋದರೆ ಕತ್ತಲಲ್ಲೇ ವಾದ ಶುರುವಾಗುತ್ತದೆ. ‘ಅಜ್ಜ, ನಿನ್ನದು ಬರೀ ರಟ್ಟಿನ ಗೋಡೆ, ಎಷ್ಟು ನಿಧಾನ’ ಎಂದು ಅವಳು. ‘ನಿನ್ನದರಲ್ಲಿ ಓಟ, ಅಳು, ಸಂಗೀತ ಬಿಟ್ಟರೆ ಏನಿದೆ’ ಎಂದು ನೀವು. ನನ್ನನ್ನು ಎರಡು ಪ್ರಶ್ನೆ ಕೇಳಿದ್ದೀರಿ. ಹೊಸಬರು ಎಲ್ಲಿಂದ ಶುರು ಮಾಡಬೇಕು? ಹಳೆಯದನ್ನು ನೋಡದವರು ಹೊಸದರ ಬಗ್ಗೆ ಮಾತಾಡಬಹುದಾ? ಪತ್ರದ ತಳದಲ್ಲಿ ಇನ್ನೊಂದು ಸಾಲಿದೆ. ನೀವೇ ರೆಕಾರ್ಡ್ ಮಾಡಿದ ತಾಳಮದ್ದಳೆಯ ಕ್ಯಾಸೆಟ್‌ಗಳು ಟ್ರಂಕಿನಲ್ಲಿವೆ, ‘ಅವನ್ನೂ ಈಗ ಯಾರೂ ಕೇಳುವುದಿಲ್ಲ’ ಎಂದಿದ್ದೀರಿ. ಆ ಸಾಲಿಗೆ ಕೊನೆಯಲ್ಲಿ ಬರುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಬಿಬಿಸಿಯಲ್ಲಿ 1963ರ ನವೆಂಬರ್ 23ರ ಶನಿವಾರ ಸಂಜೆ ಇದರ ಮೊದಲ ಕಂತು ಬಂತು. ಅಮೆರಿಕದ ಅಧ್ಯಕ್ಷ ಕೆನಡಿ ಅವರ ಹತ್ಯೆಯಾದ ಮಾರನೇ ದಿನ ಅದು. ಬೇರೆ ಲೋಕದಿಂದ ಬಂದ ಡಾಕ್ಟರ್ ಎಂಬಾತ ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆಯಂತೆ (ಬ್ರಿಟನ್ನಿನ ರಸ್ತೆ ಬದಿಯಲ್ಲಿ ಪೊಲೀಸರಿಗೆ ಫೋನ್ ಮಾಡಲು ಇಡುತ್ತಿದ್ದ ಗೂಡು) ಕಾಣುವ ಯಂತ್ರದಲ್ಲಿ ಕಾಲದ ಹಿಂದೆ ಮುಂದೆ ಓಡಾಡುತ್ತಾನೆ. ಪೆಟ್ಟಿಗೆ ಹೊರಗೆ ಚಿಕ್ಕದು, ಒಳಗೆ ಅರಮನೆಯಷ್ಟು ದೊಡ್ಡದು. 1989ರವರೆಗೆ ಬಂದು ನಿಂತಿತು. ನಡುವೆ 1996ರಲ್ಲಿ ಒಂದು ಟಿವಿ ಚಿತ್ರ. 2005ರಲ್ಲಿ ಮತ್ತೆ ಶುರುವಾಯಿತು. ‘ನಮ್ಮ ಪತ್ರಿಕೆಗೂ ಇದಕ್ಕೂ ಏನು ಸಂಬಂಧ’ ಎಂದು ಕೇಳುವವರೂ ಇದ್ದಾರೆ. ಆ ಮೊದಲ ಕಂತಿನ ನಿರ್ದೇಶಕ ವಾರಿಸ್ ಹುಸೇನ್ ಲಖನೌದಲ್ಲಿ ಹುಟ್ಟಿದವರು, ಆಗ ಅವರಿಗೆ 24 ವರ್ಷ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಕೂಡ ಇಪ್ಪತ್ತರ ಹರೆಯದ ಹೆಣ್ಣುಮಗಳು. ಇದು ಮಕ್ಕಳ ಆಟಿಕೆ, ಬೇಗ ನಿಂತುಹೋಗುತ್ತದೆ ಎಂದುಕೊಂಡವರ ನಡುವೆ ಅವರಿಬ್ಬರೂ ಕೂತು ಕಟ್ಟಿದ ಕೆಲಸ ಅದು.

ನೀವು ಹಳೆಯದು, ಹೊಸದು ಎಂದು ಎರಡು ಭಾಗ ಮಾಡಿದ್ದೀರಿ. ನನಗೆ ಅದು ಒಪ್ಪಿಗೆಯಿಲ್ಲ ಮಾಸ್ತರೇ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಯಕ್ಷಗಾನದಲ್ಲಿ ಕೀಚಕ ಒಬ್ಬನೇ, ಅವನ ವೇಷ ಕಟ್ಟಿದವರು ಎಷ್ಟು ಜನ! ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ ನೋಡಿದ ಮೇಲೆ ಇನ್ನೊಬ್ಬರದ್ದು ಬೇಡ ಎಂದು ನನ್ನ ಅಪ್ಪ ಹೇಳುತ್ತಿದ್ದರು. ಆದರೂ ಹೊನ್ನಾವರದ ಕಡೆ ಎಲ್ಲಿ ಆಟವಿದ್ದರೂ ಕಂಬಳಿ ಹಿಡಿದು ಹೊರಡುತ್ತಿದ್ದರು. ಬೆಳಗ್ಗೆ ಬಂದು ‘ಆ ಹುಡುಗ ಪರವಾಗಿಲ್ಲ’ ಎನ್ನುತ್ತಿದ್ದರು. ಗುಣವಂತೆಯ ಕೆರೆಮನೆ ಮೇಳ 1934ರಲ್ಲಿ ಹುಟ್ಟಿದ್ದು. ಶಿವರಾಮ ಹೆಗಡೆ, ಅವರ ಮಗ ಶಂಭು ಹೆಗಡೆ, ಈಗ ಮೊಮ್ಮಗ ಶಿವಾನಂದ ಹೆಗಡೆ. ಮೂರು ತಲೆಮಾರು. ಒಬ್ಬೊಬ್ಬರ ಕಾಲಕ್ಕೂ ‘ಹಿಂದಿನ ಹಾಗಿಲ್ಲ’ ಎಂದ ಪ್ರೇಕ್ಷಕರಿದ್ದರು. ಹಾಗೆಂದವರೇ ಮುಂದಿನ ಸಾಲಿನಲ್ಲೂ ಕೂರುತ್ತಿದ್ದರು.

ಡಾಕ್ಟರ್ ವಿಷಯದಲ್ಲಿ ಆದದ್ದು ಇನ್ನೂ ಸ್ವಾರಸ್ಯ. ಮೊದಲ ಡಾಕ್ಟರ್ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಟ್ಟಿತು. 1966ರಲ್ಲಿ ಅವರು ಬಿಡಬೇಕಾಯಿತು. ಧಾರಾವಾಹಿ ನಿಲ್ಲಿಸಬಹುದಿತ್ತು. ಅದೇ ಮುಖದವರನ್ನು ಹುಡುಕಬಹುದಿತ್ತು. ಧಾರಾವಾಹಿ ಮಾಡುವವರು ಎರಡನ್ನೂ ಮಾಡಲಿಲ್ಲ. ಮುದುಕ ಡಾಕ್ಟರ್ ನೆಲಕ್ಕೆ ಬಿದ್ದ, ನೋಡುತ್ತಿದ್ದ ಹಾಗೆ ಮುಖ ಬದಲಾಯಿತು, ಎದ್ದವನು ಪ್ಯಾಟ್ರಿಕ್ ಟ್ರೌಟನ್. ಚೌಕಿಯಲ್ಲಿ ಆಗಬೇಕಾದ ವೇಷದ ಬದಲಾವಣೆ ರಂಗದ ಮೇಲೇ, ಎಲ್ಲರ ಕಣ್ಣೆದುರಿಗೇ ಆಯಿತು. ಅದನ್ನು ಕಥೆಯೊಳಗೇ ಸೇರಿಸಿಕೊಂಡರು. ನಿಮ್ಮ ಟಾಮ್ ಬೇಕರ್ 1974ರಿಂದ 1981ರವರೆಗೆ ಏಳು ವರ್ಷ ನಿಂತರು. ಅವರು ಕೂಡ ಒಂದು ಕಾಲದ ‘ಹೊಸಬ’ರೇ, ಅಲ್ವಾ?

ಇನ್ನು ನಿಧಾನದ ಮಾತು. ಇಲ್ಲಿ ನಾನು ನಿಮ್ಮ ಪಕ್ಷ. ಆದರೆ ಮೊಮ್ಮಗಳ ತಪ್ಪೂ ಇಲ್ಲ. ಹಳೆಯ ಕಥೆಗಳು 25 ನಿಮಿಷದ ನಾಲ್ಕೋ ಆರೋ ಕಂತುಗಳು. ವಾರಕ್ಕೆ ಒಂದು. ಡಾಕ್ಟರ್ ಬಂಡೆಯ ಅಂಚಿಗೆ ಬೆರಳಲ್ಲಿ ನೇತಾಡುವಾಗ ಕಂತು ಮುಗಿಯುತ್ತಿತ್ತು. ಮುಂದಿನ ಶನಿವಾರದವರೆಗೆ ಮಕ್ಕಳು ಶಾಲೆಯಲ್ಲಿ ಅದನ್ನೇ ಮಾತಾಡುತ್ತಿದ್ದರು. ವಾರಪತ್ರಿಕೆಯ ಧಾರಾವಾಹಿ ಕಾದಂಬರಿಗೆ ಅಂಚೆಯವನ ದಾರಿ ಕಾದವರಿಗೆ ಈ ರುಚಿ ಗೊತ್ತು. ಅಂಥ ಆರು ಕಂತನ್ನು ಒಂದೇ ರಾತ್ರಿ ನೋಡಿದರೆ ಯಾರಿಗಾದರೂ ಸಾಕಾಗುತ್ತದೆ. ದಿನಕ್ಕೊಂದೇ ಕಂತು ಹಾಕಿ. ಅವಳು ಎಷ್ಟು ಕೇಳಿದರೂ ಎರಡನೆಯದು ಹಾಕಬೇಡಿ. 2005ರಲ್ಲಿ 45 ನಿಮಿಷಕ್ಕೆ ಒಂದು ಕಥೆ ಮುಗಿಸುವ ಕ್ರಮ ಬಂತು. ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿ ಯಕ್ಷಗಾನ ಬಂತಲ್ಲ, ಹಾಗೆ. ಅದರಲ್ಲಿ ಕಳೆದುಕೊಂಡದ್ದು ಇದೆ. ಬಿಗಿ ಬಂದದ್ದೂ ಇದೆ.

ರಟ್ಟಿನ ಗೋಡೆಯ ಬಗ್ಗೆ ಅವಳಿಗೆ ಇದನ್ನು ಹೇಳಿ. ಆಗ ಟೇಪನ್ನು ಕತ್ತರಿಸಿ ಜೋಡಿಸುವುದು ದುಬಾರಿ. ವಾರವೆಲ್ಲ ತಾಲೀಮು ಮಾಡಿ, ಒಂದೇ ಸಂಜೆ ಹೆಚ್ಚು ಕಡಿಮೆ ನಾಟಕದ ಹಾಗೆ ನಿಲ್ಲಿಸದೆ ಚಿತ್ರಿಸುತ್ತಿದ್ದರು. ಮಾತು ತಪ್ಪಿದರೂ ಮುಂದೆ ಹೋಗಬೇಕು. ಆ ಬಡತನದಲ್ಲಿ ಹುಟ್ಟಿದ ಉಪಾಯಗಳನ್ನು ನೋಡಿ. ಕಾಲದ ಪೆಟ್ಟಿಗೆ ಹೊರಡುವಾಗ ಏದುಸಿರು ಬಿಟ್ಟ ಹಾಗೆ ಸದ್ದು ಬರುತ್ತದಲ್ಲ, ಬ್ರಯಾನ್ ಹಾಡ್ಜ್‌ಸನ್ ಹಳೆ ಪಿಯಾನೋದ ತಂತಿಯ ಮೇಲೆ ಮನೆಯ ಬೀಗದ ಕೈ ಉಜ್ಜಿ ಅದನ್ನು ಮಾಡಿದರು. ಶೀರ್ಷಿಕೆ ಸಂಗೀತವನ್ನು ರಾನ್ ಗ್ರೈನರ್ ಬರೆದರು. ಡೀಲಿಯಾ ಡರ್ಬಿಷೈರ್ ಒಂದೊಂದು ಸ್ವರವನ್ನೂ ಬೇರೆ ಬೇರೆ ಟೇಪಿನಲ್ಲಿ ಹಿಡಿದು, ಕತ್ತರಿಸಿ, ಅಂಟಿಸಿ ಅದನ್ನು ಕಟ್ಟಿದರು. ಆಗ ಅವರ ಬಳಿ ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯ ಇರಲಿಲ್ಲ. ನಿಮ್ಮ ಮೊಮ್ಮಗಳು ಇಯರ್‌ಫೋನ್‌ನಲ್ಲಿ ಇವತ್ತು ಕೇಳುವುದೂ ಅದೇ ರಾಗವನ್ನೇ.

ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆ ಇದೆ. ‘ಹಳೆಯದನ್ನು ಪೂರ್ತಿ ನೋಡಿ ಬಾ’ ಎಂದು ಮೊಮ್ಮಗಳಿಗೆ ಹೇಳಿದ್ದೀರಿ. ಅದು ಯಾರಿಗೂ ಸಾಧ್ಯವಿಲ್ಲ. 1960ರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳು ಇವತ್ತಿಗೂ ಸಿಕ್ಕಿಲ್ಲ. ವಿಡಿಯೋ ಟೇಪ್‌ಗೆ ಆಗ ಬಹಳ ಬೆಲೆ. ಇದ್ದದ್ದನ್ನು ಅಳಿಸಿ ಅದರ ಮೇಲೆ ಬೇರೆ ಕಾರ್ಯಕ್ರಮ ಚಿತ್ರಿಸುತ್ತಿದ್ದರು. ನಟರ ಒಪ್ಪಂದದಿಂದಾಗಿ ಮರುಪ್ರಸಾರವೂ ಸುಲಭ ಇರಲಿಲ್ಲ. ಬಣ್ಣದ ಟಿವಿ ಬಂದ ಮೇಲೆ ಕಪ್ಪು ಬಿಳುಪನ್ನು ಕೊಳ್ಳುವವರಿಲ್ಲ. ಮನೆಯಲ್ಲಿ ಕೂತು ಹಳೆಯದನ್ನು ನೋಡುವ ಕಾಲ ಬರುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ. ಹೊರದೇಶಕ್ಕೆ ಮಾರಲು ಮಾಡಿದ ಫಿಲ್ಮ್ ಪ್ರತಿಗಳು ಮಾತ್ರ ಅಲ್ಲಿ ಇಲ್ಲಿ ಉಳಿದವು. ಸೈಬರ್‌ಮೆನ್ ಎಂಬ ಯಂತ್ರದ ಮೈಯ ಶತ್ರುಗಳ 1967ರ ಒಂದು ಕಥೆ ಹಾಂಗ್‌ಕಾಂಗ್‌ನಲ್ಲಿ ಸಿಕ್ಕಿ 1992ರಲ್ಲಿ ವಾಪಸ್ ಬಂತು. 2013ರಲ್ಲಿ ನೈಜೀರಿಯಾದ ಜೋಸ್ ಊರಿನ ಟಿವಿ ಕೇಂದ್ರದಿಂದ ಬಂದ ಒಂಬತ್ತು ಕಂತುಗಳ ಸುದ್ದಿ ಓದಿದ ದಿನ ನನಗೆ ಖುಷಿ ತಡೆಯಲಾಗಿರಲಿಲ್ಲ.

ಚಿತ್ರ ಹೋದರೂ ಧ್ವನಿ ಮಾತ್ರ ಪ್ರತಿ ಕಂತಿನದ್ದೂ ಉಳಿದಿದೆ. ಉಳಿಸಿದವರು ಯಾರು ಗೊತ್ತಾ? ನೋಡುಗರು. ಆಗಿನ್ನೂ ಹುಡುಗರು. ಟಿವಿಯ ಸ್ಪೀಕರಿಗೆ ಮೈಕ್ ಹಿಡಿದು, ಮನೆಯವರಿಗೆ ಮಾತಾಡಬೇಡಿ ಎಂದು ಹೇಳಿ, ಶನಿವಾರ ಶನಿವಾರ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟರು. ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕರು ಟಿವಿ ಪರದೆಯ ಫೋಟೋ ತೆಗೆದು ಕಲಾವಿದರಿಗೆ ಮಾರುತ್ತಿದ್ದರು. ಆ ಫೋಟೋ, ಈ ಧ್ವನಿ ಸೇರಿಸಿಕೊಂಡು ಈಗ ಕಳೆದ ಕಂತುಗಳಿಗೆ ಅನಿಮೇಷನ್ ಮಾಡುತ್ತಿದ್ದಾರೆ. ಟ್ರೌಟನ್ ಅವರ ಮೊದಲ ಕಥೆ 50 ವರ್ಷದ ನಂತರ, 2016ರಲ್ಲಿ ಹಾಗೆ ಮತ್ತೆ ಬಂತು. 1989ರಿಂದ 2005ರವರೆಗೆ ಟಿವಿಯಲ್ಲಿ ಹೆಚ್ಚೇನೂ ಇಲ್ಲದ 16 ವರ್ಷ ಕೂಡ ಇಂಥವರೇ ಕಾದಂಬರಿ ಬರೆದು, ಆಡಿಯೋ ನಾಟಕ ಮಾಡಿ, ದೀಪ ಆರದ ಹಾಗೆ ನೋಡಿಕೊಂಡರು. ಮತ್ತೆ ಶುರು ಮಾಡಿದ ರಸೆಲ್ ಟಿ. ಡೇವಿಸ್ ಚಿಕ್ಕಂದಿನಿಂದ ನೋಡಿ ಬೆಳೆದವರು. ಟೆನೆಂಟ್ ನಟರಾದದ್ದೇ ಡಾಕ್ಟರನ್ನು ನೋಡಿ. ಪೀಟರ್ ಕಪಾಲ್ಡಿ 15 ವರ್ಷದ ಹುಡುಗನಾಗಿದ್ದಾಗ, 1974ರಲ್ಲಿ, ‘ರೇಡಿಯೋ ಟೈಮ್ಸ್’ ಪತ್ರಿಕೆಗೆ ಇದರ ಬಗ್ಗೆ ಪತ್ರ ಬರೆದಿದ್ದರು, ಅದು ಅಚ್ಚಾಯಿತು. 2013ರಲ್ಲಿ ಅವರನ್ನೇ ಡಾಕ್ಟರ್ ಪಾತ್ರಕ್ಕೆ ಆರಿಸಿದರು. ಓದುಗರ ಪತ್ರಗಳನ್ನು ಬಿಡಿಸುವಾಗ ನಾನು ಇದನ್ನು ಆಗಾಗ ನೆನೆಯುತ್ತೇನೆ.

ಅಳುವಿನ ವಿಷಯ. ಕೆಲವು ಕಡೆ ಜಾಸ್ತಿಯಾಗಿದೆ, ಒಪ್ಪುತ್ತೇನೆ. ಆದರೆ 2006ರ ‘ಸ್ಕೂಲ್ ರೀಯೂನಿಯನ್’ ಕಂತನ್ನು ಮೊಮ್ಮಗಳು ಹಾಕಿದಾಗ ನೀವು ಎದ್ದು ಹೋದಿರಂತೆ. ದಯವಿಟ್ಟು ಇನ್ನೊಮ್ಮೆ ಕೂತು ನೋಡಿ. ಟೆನೆಂಟ್‌ನ ಡಾಕ್ಟರ್ ಒಂದು ಶಾಲೆಗೆ ಭೌತಶಾಸ್ತ್ರದ ಮಾಸ್ತರಾಗಿ ಸೇರಿದ್ದಾನೆ. ಅಲ್ಲಿಗೆ ಸಾರಾ ಜೇನ್ ಬರುತ್ತಾಳೆ. ನಿಮ್ಮ ಟಾಮ್ ಬೇಕರ್ ಜೊತೆ ಓಡಾಡಿದ ಅದೇ ಸಾರಾ ಜೇನ್, ಅದೇ ಕಲಾವಿದೆ ಎಲಿಸಬೆತ್ ಸ್ಲೇಡನ್. 1976ರಲ್ಲಿ ಡಾಕ್ಟರ್ ಅವಳನ್ನು ಇಳಿಸಿ ಹೋಗಿದ್ದ. 30 ವರ್ಷ ತಿರುಗಿ ಬಂದಿರಲಿಲ್ಲ. ಅವಳಿಗೆ ವಯಸ್ಸಾಗಿದೆ. ಅವನ ಮುಖ ಎಳೆಯದಾಗಿದೆ. ನಿಮ್ಮ ಹಳೆ ವಿದ್ಯಾರ್ಥಿಗಳು ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಎದುರಾಗಿ ‘ಗುರುತು ಸಿಕ್ಕಿತಾ’ ಎಂದು ಕೇಳಿದಾಗ ಎದೆಯೊಳಗೆ ಏನೋ ಆಗುತ್ತದಲ್ಲ, ಅದೇ ಇಲ್ಲಿದೆ. ಅಲ್ಲಿನ ಅಳು ಹಳೆಯ ಕಂತುಗಳ ಬಾಕಿ. ಮೊಮ್ಮಗಳಿಗಿಂತ ನಿಮಗೆ ಅದು ಹೆಚ್ಚು ತಟ್ಟಬೇಕು.

2018ರ ‘ಡೀಮನ್ಸ್ ಆಫ್ ದ ಪಂಜಾಬ್’ ಕೂಡ ನೋಡಿ. ವಿನಯ್ ಪಟೇಲ್ ಬರೆದದ್ದು, 1947ರ ದೇಶ ವಿಭಜನೆಯ ಕಥೆ. ಆಗ ಡಾಕ್ಟರ್ ಪಾತ್ರ ಜೋಡಿ ವಿಟೇಕರ್ ಅವರದ್ದು. ಎಲ್ಲಿಗೆ ಬೇಕಾದರೂ ಹೋಗಬಲ್ಲ ಡಾಕ್ಟರಿಗೂ ಅಲ್ಲಿ ಆಗುವುದನ್ನು ತಡೆಯಲು ಬರುವುದಿಲ್ಲ.

ಎಲ್ಲಿಂದ ಶುರು ಮಾಡಬೇಕು ಎಂಬುದಕ್ಕೆ ನನ್ನ ಉತ್ತರ: ಯಾವ ಡಾಕ್ಟರ್ ಮೊದಲು ಕಣ್ಣಿಗೆ ಬಿದ್ದನೋ ಅಲ್ಲಿಂದ. ನೀವೇ 1963ರಿಂದ ಶುರು ಮಾಡಲಿಲ್ಲ, ತಮ್ಮ ತಂದ ಕ್ಯಾಸೆಟಿನಿಂದ ಶುರು ಮಾಡಿದಿರಿ. ಮಾತಾಡುವ ಹಕ್ಕು ಎಲ್ಲರಿಗೂ ಇದೆ. ಈ ರಜೆಯಲ್ಲಿ ಒಬ್ಬರಿಗೊಬ್ಬರು ಒಂದೊಂದು ಆರಿಸಿ ಕೊಡಿ. ಅವಳಿಗೆ 1975ರ ‘ಜೆನೆಸಿಸ್ ಆಫ್ ದ ಡಾಲೆಕ್ಸ್’ ಕೊಡಿ, ಆರು ಕಂತು, ಆರು ರಾತ್ರಿ. ಡಾಕ್ಟರನ ಬದ್ಧವೈರಿಗಳಾದ ಡಾಲೆಕ್‌ಗಳ ವಂಶವನ್ನೇ ಹುಟ್ಟುವ ಮೊದಲು ಮುಗಿಸಬಹುದು, ಎರಡು ತಂತಿ ತಾಗಿಸಿದರೆ ಸಾಕು. ಟಾಮ್ ಬೇಕರ್ ತಂತಿ ಹಿಡಿದು ನಿಲ್ಲುತ್ತಾನೆ, ನನಗೆ ಆ ಹಕ್ಕಿದೆಯಾ ಎಂದು ಕೇಳಿಕೊಳ್ಳುತ್ತಾನೆ. ಹಿಂದಿನ ಗೋಡೆ ರಟ್ಟಿನದ್ದು ಎಂಬುದು ಆಗ ಯಾರ ತಲೆಗೂ ಬರುವುದಿಲ್ಲ.

ನಿಮಗೆ ನನ್ನ ಆಯ್ಕೆ 2007ರ ‘ಬ್ಲಿಂಕ್’. ಓಟವಿಲ್ಲ, ದೊಡ್ಡ ಖರ್ಚಿಲ್ಲ. ಕಲ್ಲಿನ ಮೂರ್ತಿಗಳು, ನಾವು ಕಣ್ಣು ಮಿಟುಕಿಸಿದಾಗ ಮಾತ್ರ ಹತ್ತಿರ ಬರುತ್ತವೆ. ಡಾಕ್ಟರ್ 1969ರಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ. ಅಲ್ಲಿಂದ ಅವನು ರೆಕಾರ್ಡ್ ಮಾಡಿಟ್ಟ ಮಾತು 2007ರ ಹುಡುಗಿಯೊಬ್ಬಳ ಟಿವಿಯಲ್ಲಿ ಬರುತ್ತದೆ. ಅವಳು ಈಗ ಕೇಳುವ ಪ್ರಶ್ನೆಗೆ ಅವನು ಆಗಲೇ ಉತ್ತರ ಹೇಳಿ ಇಟ್ಟಿದ್ದಾನೆ.

ಇದನ್ನು ನೋಡಿದ ದಿನ ನನಗೆ ಅಪ್ಪನ ಕ್ಯಾಸೆಟ್‌ಗಳ ನೆನಪಾಯಿತು. ಅವರೂ ತಾಳಮದ್ದಳೆಗೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗುತ್ತಿದ್ದರು. ಅಟ್ಟದ ಮೇಲೆ ಎರಡು ಪೆಟ್ಟಿಗೆ ತುಂಬ ಇದ್ದವು. ಅವರು ಹೋದ ಮೇಲೆ ಐದಾರು ಮಳೆಗಾಲ ನಾವು ಯಾರೂ ಮುಟ್ಟಲಿಲ್ಲ. ತೆರೆದಾಗ ಎಲ್ಲದಕ್ಕೂ ಬಿಳಿ ಬೂಷ್ಟು ಹಿಡಿದಿತ್ತು. ಒಂದರಲ್ಲಿ ಮಾತ್ರ ಸ್ವಲ್ಪ ಧ್ವನಿ ಬಂತು. ಅರ್ಥಗಾರಿಕೆಯ ನಡುವೆ ಅಪ್ಪ ಕೆಮ್ಮಿದ್ದು ಕೇಳಿಸಿತು.

ನಿಮ್ಮ ಟ್ರಂಕನ್ನು ಈ ವಾರವೇ ತೆಗೆಯಿರಿ ಮಾಸ್ತರೇ. ಬಿಸಿಲಿಗೆ ಇಡಬೇಡಿ, ಟೇಪ್ ಸೊಟ್ಟಗಾಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ. ಬೂಷ್ಟು ಕಂಡದ್ದನ್ನು ಬೇರೆ ಇಡಿ, ಪ್ಲೇಯರಿಗೆ ಹಾಕಬೇಡಿ. ಯಾರ ಅರ್ಥ, ಯಾವ ಊರು, ಯಾವ ವರ್ಷ ಎಂದು ನೀವು ಹೇಳಿ, ಮೊಮ್ಮಗಳು ಚೀಟಿ ಬರೆಯಲಿ. ಕಂಪ್ಯೂಟರಿಗೆ ಇಳಿಸುವುದು ಅವಳಿಗೆ ಬರುತ್ತದೆ. ಅವಳು ರಜೆ ಮುಗಿಸಿ ಬಸ್ ಹತ್ತುವ ಮೊದಲು ಎಷ್ಟು ಕ್ಯಾಸೆಟ್ ಆಯಿತು ಎಂದು ನನಗೆ ಒಂದು ಕಾರ್ಡ್ ಹಾಕಿ.

ನಿಮ್ಮ
ಸಂಪಾದಕ